ವಕೀಲಮ್ಮ ಹೊರಿಸಿದ ಕೊಡ

ಜಾಗದ ತಕರಾರು ಯಾವುದೇ ಬರಲಿ, ವಿರಾಜಪೇಟೆಯ ಆ ವಕೀಲಮ್ಮ ಕಡತ ಬಿಚ್ಚುವ ಮೊದಲು ಬೂಟು ಹಾಕಿಕೊಂಡು, “ನಡೆದು ನೋಡೋಣ” ಎನ್ನುತ್ತಿದ್ದರು.

ನನ್ನ ಭಾವ ತೋಟಕ್ಕೆ ಬೇಲಿ ಹಾಕಿ, ಪಕ್ಕದ ಮನೆಯ ಅಜ್ಜಿ ತೊರೆಗೆ ಹೋಗುವ ದಾರಿ ಮುಚ್ಚಿದರು. ಅಜ್ಜಿ ನೋಟಿಸು ಕೊಡಿಸಿದಾಗ ಭಾವ ಈ ವಕೀಲಮ್ಮನನ್ನೇ ಕರೆಸಿದರು.

ತೊರೆಯ ಬಳಿ ಅವರು ಹೇಳಿದರು: “ಇದಕ್ಕೆ ಅನುಭೋಗದ ಹಕ್ಕು ಅಂತಾರೆ. ನೆಲ ನಿಮ್ಮದೇ. ತಲೆಮಾರಿನಿಂದ ನಡೆದವರ ದಾರಿ ಮಾತ್ರ ನೀವು ಮುಚ್ಚೋ ಹಾಗಿಲ್ಲ.”

“ಸುತ್ತಿಕೊಂಡು ಹೋಗ್ಲಿ ಬಿಡಿ,” ಎಂದರು ಭಾವ.

ವಕೀಲಮ್ಮ ಅಲ್ಲೇ ನೀರಿಗೆ ಬಂದಿದ್ದ ಅಜ್ಜಿಯ ತುಂಬಿದ ಕೊಡ ಇಸಿದುಕೊಂಡು ಭಾವನ ಹೆಗಲಿಗೇರಿಸಿದರು.

“ಅಯ್ಯೋ, ನೀವು ನನ್ನ ವಕೀಲರಲ್ವಾ?”

“ಅದಕ್ಕೇ ನಿಮಗೆ ಹೊರಿಸಿದ್ದು. ನಡೆದು ನೋಡೋಣ.”

ಸುತ್ತುದಾರಿಯ ಏರಿನ ಅರ್ಧಕ್ಕೇ ಭಾವ ಕೊಡ ಇಳಿಸಿ, ಏದುಸಿರಿನಲ್ಲೇ ಆಳನ್ನು ಕೂಗಿ ಬೇಲಿ ಬಿಚ್ಚಿಸಿದರು. ನಾನು ಬೆರಗಿನಿಂದ ನೋಡುತ್ತಿದ್ದಂತೆ, ವಕೀಲಮ್ಮ ಕೊಡವನ್ನು ಸೊಂಟಕ್ಕಿಟ್ಟುಕೊಂಡು ತೊರೆಗೆ ಮರಳಿ, ಆ ಹಳೆಯ ದಾರಿಯಲ್ಲೇ ಅಜ್ಜಿಯ ಮನೆ ಸೇರಿಸಿದರು.