ಸುಶೀಲವ್ವ ಕೆಡವಿದ ಗ್ರಹಣ

ಜಕ್ಕಲಿಯ ಸುಶೀಲವ್ವನಿಗೆ ಆಕಾಶದ ಹುಚ್ಚು. ಹಗಲೆಲ್ಲ ಕಂಡವರ ಹೊಲದಲ್ಲಿ ಬಗ್ಗಿ ಕಳೆ ತೆಗೆಯುವ ಕೂಲಿ ಹೆಂಗಸು. ನೆಲ ನೋಡಿ ನೋಡಿ ಸಾಕಾಗಿರುತ್ತದೋ ಏನೋ, ಉಂಡ ಮೇಲೆ ಮಾಳಿಗೆ ಹತ್ತಿ ಅಂಗಾತ ಮಲಗಿಬಿಡುತ್ತಾಳೆ. ಚುಕ್ಕಿಯೊಂದು ಸುಮ್ಮನೆ ನಡೆದು ಹೋಗುವುದು ಕಂಡರೆ ಪಕ್ಕದ ಮಾಳಿಗೆಯಲ್ಲಿರುವ ನನ್ನನ್ನೂ ಎಬ್ಬಿಸುತ್ತಾಳೆ. ಅದು ಮನುಷ್ಯರು ಹಾರಿಬಿಟ್ಟ ಉಪಗ್ರಹ ಅಂತ ಹೇಳಿದೆ ಒಮ್ಮೆ. "ಅದರಾಗ ಯಾರರ ಕುಂತಾರೇನು? ಕುಂತಿದ್ರ ಅವ್ರಿಗೆ ನಮ್ಮ ಜಕ್ಕಲಿ ಕಾಣ್ತೈತೇನು?" ಅಂದಳು.

ಈ ಹುಚ್ಚಿನ ಬುಡದಲ್ಲಿ ಸಿಟ್ಟಿದೆ. 1980ರಲ್ಲಿ ಪೂರ್ಣ ಸೂರ್ಯಗ್ರಹಣ ನಮ್ಮ ಸೀಮೆಯ ನೆತ್ತಿಯ ಮೇಲೇ ಹಾದು ಹೋಯಿತು. ಅದನ್ನು ನೋಡಲಿಕ್ಕೆಂದು ದೂರದೂರದ ವಿಜ್ಞಾನಿಗಳು ದುರ್ಬೀನು ಹೊತ್ತು ಹುಬ್ಬಳ್ಳಿ ಕಡೆ ಬಂದು ಬಿಡಾರ ಹೂಡಿದ್ದರು. ಆಗಿನ್ನೂ ಶಾಲೆಗೆ ಹೋಗುತ್ತಿದ್ದ ಸುಶೀಲವ್ವನನ್ನು ಅವರಪ್ಪ ಒಳಗೆ ಕೂಡಿಸಿ, ಅಗಳಿ ಹಾಕಿ, ಬೆಳಕಿಂಡಿಗೆ ಗೋಣಿಚೀಲ ತುರುಕಿದ. ಹಾಡುಹಗಲೇ ಕತ್ತಲಾಯಿತಂತೆ, ಚುಕ್ಕಿ ಮೂಡಿದವಂತೆ, ಹಕ್ಕಿ ಗೂಡು ಸೇರಿದವಂತೆ. ಆ 'ಅಂತೆ' ಆಕೆಯನ್ನು ಇವತ್ತಿಗೂ ಸುಡುತ್ತದೆ. "ಯಾವ್ಯಾವ ಊರಿನವ್ರೋ ಬಂದು ನಮ್ಮ ಆಕಾಶ ನೋಡಿಕೊಂಡು ಹೋದ್ರು. ನಾನು ಗ್ವಾಡಿ ನೋಡ್ಕೋತ ಕುಂತಿದ್ದೆ," ಅನ್ನುತ್ತಾಳೆ.

ಹಾಗಾಗಿ 2022ರ ದೀಪಾವಳಿಯಲ್ಲಿ ಸಂಜೆ ಸೂರ್ಯಗ್ರಹಣ ಅಂತ ಗೊತ್ತಾದಾಗ ಆಕೆ ಯಾರ ಮಾತನ್ನೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ಓಣಿಯ ತುದಿಯಲ್ಲಿ ಮೋದಿನಸಾಬನ ವೆಲ್ಡಿಂಗ್ ಅಂಗಡಿ. ಅವನ ದಪ್ಪನೆಯ ಕಪ್ಪು ಗಾಜು ಇಸಿದುಕೊಂಡು, ಅವನೂ ಸೇರಿ ನಾವು ಮೂವರು ಬಯಲಿಗೆ ನಿಂತೆವು. ಉಳಿದ ಓಣಿ ಬಾಗಿಲು ಹಾಕಿಕೊಂಡಿತ್ತು. ಐದು ದಾಟಿದ ಮೇಲೆ ಸೂರ್ಯನ ಅಂಚು ಕರಗತೊಡಗಿತು. ಸುಶೀಲವ್ವ ಗಾಜು ಕೆಳಗಿಳಿಸಲೇ ಇಲ್ಲ. "ಯಾರೋ ರೊಟ್ಟಿ ಕಚ್ಚಿದಂಗ ಆಗೇತಿ ನೋಡ್ರಿ," ಅಂದಳು.

ಆಗಲೇ ನಮ್ಮ ಓಣಿಯ ದೇವಪ್ಪನ ಮನೆಯಿಂದ ಚೀರಾಟ ಕೇಳಿಸಿತು. ಅವನ ಸೊಸೆ ರೂಪಾ ತುಂಬಿದ ಬಸುರಿ. ಗಂಡ ಫಕೀರೇಶ ಮಂಗಳೂರಿಗೆ ಗಾರೆ ಕೆಲಸಕ್ಕೆ ಹೋದವನು ಹಬ್ಬಕ್ಕೂ ಬಂದಿರಲಿಲ್ಲ. ಸುಶೀಲವ್ವ ಗಾಜನ್ನು ನನ್ನ ಕೈಗೆ ತುರುಕಿ ಓಡಿದಳು. ಅಷ್ಟು ವರ್ಷ ಕಾದ ಗ್ರಹಣವನ್ನು ಅರ್ಧಕ್ಕೇ ಬಿಟ್ಟಳು. ನಾನೂ ಹಿಂದೆ ಹೋದೆ.

ಒಳಗೆ ಖೋಲಿಯಲ್ಲಿ ರೂಪಾ ಗೋಡೆಗೆ ಆತು ಕೂತಿದ್ದಳು. ಗರ್ಭದ ನೀರು ಒಡೆದು ಸೀರೆ ತೊಯ್ದಿತ್ತು. ಗ್ರಹಣದ ವೇಧ, ಏನೂ ಸೇವಿಸಬಾರದು ಅಂತ ಬೆಳಗಿನಿಂದ ಆ ಹುಡುಗಿಗೆ ಒಂದು ಗುಟುಕು ನೀರು ಕೊಟ್ಟಿರಲಿಲ್ಲ. ದವಾಖಾನೆಗೆ ಯಾಕೆ ಒಯ್ದಿಲ್ಲ ಅಂದರೆ ದೇವಪ್ಪ ಟಿವಿಯ ಕಡೆ ಕೈ ಮಾಡಿದ. ಅದರಲ್ಲೊಬ್ಬ ಜ್ಯೋತಿಷಿ ಕೂತು ಊರಿಗೆಲ್ಲ ಬುದ್ಧಿ ಹೇಳುತ್ತಿದ್ದ.

"ಸೂರ್ಯ ಗ್ರಹಣ ಹಿಡಕೊಂಡ ಮುಳಗತಾನಂತ. ನಾಳೆ ಮುಂಜಾನಿ ಅವನ ಮಾರಿ ನೋಡೂತನಕ ಬಸರ ಹೆಣಮಗಳು ಹೊಸ್ತಲಾ ದಾಟಬಾರದಂತ," ಅಂದ ದೇವಪ್ಪ.

"ಕೂಸಿಗೆ ಪಂಚಾಂಗ ಓದಾಕ ಬರ್ತೈತೇನೋ ಯಣ್ಣಾ?" ಅಂದಳು ಸುಶೀಲವ್ವ.

ದೇವಪ್ಪನ ಹೆಂಡತಿ ಹೊಳೆವ್ವ ನಡುವೆ ಬಾಯಿ ಹಾಕಿದಳು. "ಟಿವಿಯವ್ರು ಮನಸಿಗೆ ಬಂದಂಗ ಹೇಳ್ತಾರ. ಒನಕಿ ಸುಳ್ಳ ಹೇಳಂಗಿಲ್ಲ. ಗ್ರಹಣ ಬಿಟ್ಟ ಮ್ಯಾಲೆ ಒನಕಿ ತಾನ ಬೀಳ್ತೈತಿ. ಬಿದ್ದ ಮ್ಯಾಲೆ ಒಯ್ಯೂಣು."

ಪಡಸಾಲೆಯ ನಡುವೆ ಹಿತ್ತಾಳೆ ಪರಾತ. ಅದರಲ್ಲಿ ನೀರು. ನೀರಿನಲ್ಲಿ ಕುಂಕುಮ ಹಚ್ಚಿಸಿಕೊಂಡ ಒನಕೆ ನೆಟ್ಟಗೆ ನಿಂತಿತ್ತು. ಗ್ರಹಣದ ಹೊತ್ತಿಗೆ ಮಾತ್ರ ಒನಕೆ ಹೀಗೆ ನಿಲ್ಲುತ್ತದೆ ಅನ್ನುವುದು ನಮ್ಮ ಕಡೆಯ ನಂಬಿಕೆ. ಬುಡ ಸಪಾಟಾಗಿರುವ ಒನಕೆ ಸಂತೆ ದಿನವೂ ನಿಲ್ಲುತ್ತದೆ, ಶ್ರಾವಣ ಸೋಮವಾರವೂ ನಿಲ್ಲುತ್ತದೆ. ಯಾರೂ ನಿಲ್ಲಿಸಿ ನೋಡುವುದಿಲ್ಲ, ಅಷ್ಟೇ. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಜನ ನಾವು. ಒಂದು ಜೀವ ಎರಡಾಗಲು ಒದ್ದಾಡುತ್ತಿದೆ, ಇವರು ಕಟ್ಟಿಗೆಯ ತುಂಡಿನ ಅಪ್ಪಣೆಗೆ ಕಾಯುತ್ತಿದ್ದಾರೆ.

ಸುಶೀಲವ್ವ ವಾದ ನಿಲ್ಲಿಸಿದಳು. "ಯಕ್ಕಾ, ಹುಡುಗಿ ಕರ್ಯಾಕತ್ತಾಳ ನೋಡು," ಅಂದಳು. ಹೊಳೆವ್ವ ಖೋಲಿಗೆ ಹೋದಳು, ದೇವಪ್ಪನ ಕಣ್ಣು ಟಿವಿಯ ಮೇಲಿತ್ತು. ಸುಶೀಲವ್ವ ಸೆರಗು ಸರಿ ಮಾಡಿಕೊಳ್ಳುವವಳ ಹಾಗೆ ತಿರುಗಿ ಒನಕೆಗೆ ಮೊಣಕೈ ತಾಗಿಸಿದಳು. ಅದು ದಡ್ಡನೆ ಬಿತ್ತು, ನೀರು ಪಡಸಾಲೆಯ ತುಂಬ ಹರಿಯಿತು.

"ಬಿತ್ತು. ಗ್ರಹಣ ಬಿಟ್ಟಿತು. ಏಳ್ರಿ ಇನ್ನ," ಅಂದಳು.

"ಇಷ್ಟ ಲಗೂ?" ಅಂತ ದೇವಪ್ಪ ಎದ್ದ.

"ಸಂಶೇ ಇದ್ರ ಹೊರಗ ಹೋಗಿ ನೋಡಿ ಬಾ."

ಗ್ರಹಣ ಬಿಟ್ಟಿದೆಯೋ ಇಲ್ಲವೋ ನೋಡಬೇಕಾದರೆ ಹೊರಗೆ ಹೋಗಬೇಕು. ಬಿಡದೆ ಇದ್ದರೆ ಹೊರಗೆ ಹೋಗಬಾರದು. ದೇವಪ್ಪ ಬಾಗಿಲವರೆಗೆ ಹೋಗಿ ಹಾಗೇ ತಿರುಗಿ ಬಂದ. ಹೊಳೆವ್ವ ಬಿದ್ದ ಒನಕೆಗೆ ಕೈ ಮುಗಿದು ಸೊಸೆಯ ಬಟ್ಟೆ ಗಂಟು ಕಟ್ಟಿದಳು. ಮೋದಿನಸಾಬ ತನ್ನ ಟಂಟಂ ರಿಕ್ಷಾ ತಂದು ನಿಲ್ಲಿಸಿದ. ಅದು ರೋಣದ ದವಾಖಾನೆಯ ದಾರಿ ಹಿಡಿದಾಗ ಸೂರ್ಯನ ಅಂಚಿನಲ್ಲಿ ಕಚ್ಚಿದ ಗುರುತು ಇನ್ನೂ ಹಾಗೇ ಇತ್ತು. ಆ ರಾತ್ರಿಯೇ ರೂಪಾ ಹೆಣ್ಣು ಹೆತ್ತಳು. ತಡ ಮಾಡಿದ್ದಕ್ಕೆ ದವಾಖಾನೆಯ ನರ್ಸಮ್ಮ ದೇವಪ್ಪನಿಗೆ ಬೈದ ಬೈಗುಳ ಇಲ್ಲಿ ಬರೆಯುವಂಥವಲ್ಲ.

ಇಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಹೊಳೆವ್ವ ಬಂದವರಿಗೆಲ್ಲ ಒನಕೆಯ ಮಹಿಮೆ ಹೇಳಲು ಹತ್ತಿದಳು. ಒನಕೆ ತಾನಾಗಿ ಮೊದಲೇ ಬಿದ್ದು ವಂಶ ಉಳಿಸಿತಂತೆ. ಸುಶೀಲವ್ವ ಕೇಳುವಷ್ಟು ಕೇಳಿ ಎದ್ದು ನಿಂತಳು.

"ಒನಕಿ ಬೀಳಲಿಲ್ಲ ಯಕ್ಕಾ. ನಾ ಕೆಡವಿದ್ನಿ."

ಒನಕೆಯ ಮೇಲಿದ್ದ ಭಕ್ತಿಯೆಲ್ಲ ಆ ಗಳಿಗೆಯಲ್ಲಿ ಸುಶೀಲವ್ವನ ಮೇಲೆ ಸಿಟ್ಟಾಗಿ ತಿರುಗಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಇನ್ನು ಈ ಮನೆಗೆ ಕಾಲಿಡಬೇಡ ಅಂದರು. ಕೂಸು ಕೆಮ್ಮಿದರೆ ಸುಶೀಲವ್ವ ಹಚ್ಚಿದ ಗ್ರಹಣದ ದೋಷ, ಹಾಲು ಕಕ್ಕಿದರೆ ಸುಶೀಲವ್ವ ಹಚ್ಚಿದ ದೋಷ. ಉಳಿಸಿದ ಕೂಸನ್ನು ಎತ್ತಿಕೊಳ್ಳುವ ಭಾಗ್ಯ ಆಕೆಗಿಲ್ಲ. ಓಣಿಯವರು ಎಲ್ಲ ಗೊತ್ತಿದ್ದೂ ತೆಪ್ಪಗಿದ್ದರು.

ಮರುವರ್ಷ ಆಗಸ್ಟ್ ಬಂತು. ನಮ್ಮ ನೌಕೆ ಚಂದ್ರನ ಮೇಲೆ ಇಳಿಯುವ ಸಂಜೆ. ಓಣಿಯಲ್ಲೆಲ್ಲ ದೊಡ್ಡ ಟಿವಿ ದೇವಪ್ಪನದೇ, ಪಡಸಾಲೆಯಲ್ಲಿ ಕಾಲಿಡಲು ಜಾಗವಿಲ್ಲ. ಚಂದ್ರನ ನೆರಳಿಗೆ ಹೆದರಿ ಸೊಸೆಯನ್ನು ಕೂಡಿಹಾಕಿದ್ದ ಮನುಷ್ಯ ಈಗ ಚಂದ್ರನ ಮೇಲೆ ತಾನೇ ಇಳಿಯುವವನ ಹಾಗೆ ಹಣೆಗೆ ಕುಂಕುಮ ಇಟ್ಟುಕೊಂಡು ಕೂತಿದ್ದ. ಇಡೀ ಓಣಿಯಲ್ಲಿ ಅದನ್ನು ನೋಡಲು ಎಲ್ಲರಿಗಿಂತ ಹೆಚ್ಚು ಹಂಬಲಿಸಿದವಳು ಹೊರಗೆ ಕಟ್ಟೆಯ ಮೇಲೆ ನಿಂತು ಕಿಟಕಿಯಲ್ಲಿ ಕತ್ತು ಚಾಚುತ್ತಿದ್ದಳು. ಹೊಳೆವ್ವ ಎದ್ದು ಹೋಗಿ, ಕೂಸಿಗೆ ದೃಷ್ಟಿ ಆಗುತ್ತದೆ ಅಂತ ಕಿಟಕಿ ಮುಚ್ಚಿದಳು.

ತಕ್ಷಣ ಟಿವಿ ಆರಿತು. ಕರೆಂಟು ಹೋಯಿತೆಂದು ಎಲ್ಲರೂ ಹೌಹಾರಿದರು. ಕರೆಂಟು ಹೋಗಿರಲಿಲ್ಲ. ಕೂಸನ್ನು ತೊಡೆಯ ಮೇಲಿಟ್ಟುಕೊಂಡ ರೂಪಾಳ ಕೈಯಲ್ಲಿ ರಿಮೋಟಿತ್ತು.

"ಸುಶೀಲ ದೊಡ್ಡವ್ವ ಒಳಗ ಬರೂತನಕ ಟಿವಿ ಹಚ್ಚಂಗಿಲ್ಲ," ಅಂದಳು. ಮಾವನೆದುರು ಎಂದೂ ಎತ್ತರದ ದನಿ ತೆಗೆದವಳಲ್ಲ.

"ಇನ್ನೇನ ಇಳಿತೈತಿ, ಕೊಡವಾ ಇಲ್ಲಿ," ಅಂತ ದೇವಪ್ಪ ಕೈ ಚಾಚಿದ. ಆಕೆ ರಿಮೋಟನ್ನು ಕೂಸಿನ ಬೆನ್ನಿಗೆ ಇಳಿಬಿದ್ದ ಕುಲಾಯಿ ಟೊಪ್ಪಿಗೆಯ ಅಡಿಗೆ ಸರಿಸಿದಳು.

ಇಷ್ಟು ದಿನ ತೆಪ್ಪಗಿದ್ದ ಓಣಿಗೆ ಆಗ ಬಾಯಿ ಬಂತು. "ಕರೀ ದೇವಪ್ಪ, ಲಗೂ ಕರೀ." ದೇವಪ್ಪ ಜನರನ್ನು ದಾಟಿಕೊಂಡು ಬಾಗಿಲಿಗೆ ಹೋದ. "ಬಾ ಸುಶೀಲವ್ವ, ಒಳಗ ಬಾ," ಅಂದ.

ಸುಶೀಲವ್ವ ಕಟ್ಟೆಯಿಂದ ಇಳಿಯಲು ಅವಸರ ಮಾಡಲಿಲ್ಲ. "ನೀ ನನ್ನ ಸಲುವಾಗಿ ಕರದಿಲ್ಲೋ ಯಣ್ಣಾ, ಟಿವಿ ಸಲುವಾಗಿ ಕರದಿ," ಅಂದಳು. "ಇರ್ಲಿ, ಬರ್ತೀನಿ. ನಾ ಅದನ್ನ ನೋಡೂದೈತಿ."

ಒಳಗೆ ಬಂದು, ರೂಪಾಳ ತೊಡೆಯಿಂದ ಕೂಸನ್ನು ಎತ್ತಿಕೊಂಡು ಎಲ್ಲರಿಗಿಂತ ಮುಂದೆ ಕೂತಳು. ಆಕೆ ಕೂತದ್ದು ದೇವಪ್ಪನ ಜಾಗದಲ್ಲಿ. ಅವನು ಬಾಗಿಲ ಹತ್ತಿರ ನಿಂತೇ ನೋಡಬೇಕಾಯಿತು.