ಶೂಗೆ ಅಂಟಿದ ಮಣ್ಣು

ಅಂತರ್ಯುದ್ಧದ ನಾಡೊಂದರಲ್ಲಿ ವಿಷಾನಿಲದ ಬಾಂಬ್ ಬಿದ್ದಿತ್ತೆನ್ನಲಾದ ಹಳ್ಳಿಯ ಮಣ್ಣನ್ನು ಪರೀಕ್ಷೆಗೆ ತರಲು ನಮ್ಮ ತನಿಖಾ ತಂಡ ಹೋಗಿತ್ತು. ಅಲ್ಲಿನ ಸೈನಿಕರು ನಮ್ಮನ್ನು ಊರಿನ ಹೊರಗೇ ಕಾಯಿಸಿ, ಬರಿಗೈಯಲ್ಲಿ ವಾಪಸ್ ಕಳಿಸಿದರು.

ಮನೆಗೆ ಮರಳುತ್ತ ಮೆಲ್ಬರ್ನ್ ಏರ್‌ಪೋರ್ಟಿನಲ್ಲಿ ಅರೆನಿದ್ದೆಯಲ್ಲಿ ನಿಂತಿದ್ದಾಗ, ಹೊರದೇಶದ ಮಣ್ಣು ಒಳಬರದಂತೆ ಕಾಯುವ ಕ್ವಾರಂಟೈನ್ ಅಧಿಕಾರಿ ನನ್ನ ಕಾಲು ನೋಡಿದ.

"ಶೂನಲ್ಲಿ ಮಣ್ಣಿದೆ ಮೇಟ್. ತೊಳೀಬೇಕು."

"ತೊಳೀಲೇಬೇಕಾ?"

"ಯಾಕೆ, ಏನಾದ್ರೂ ಸ್ಪೆಷಲ್ಲಾ?"

ಏನಿಲ್ಲ ಎಂದೆ. ಸಾಕ್ಷಿಗಳೆದುರು ಸೀಲ್ ಆಗದ ಮಣ್ಣನ್ನು ನಮ್ಮಲ್ಲಿ ಯಾರೂ ಪುರಾವೆ ಅನ್ನುವುದಿಲ್ಲ. ಅವನು ಬ್ರಷ್ ಹಿಡಿದು ಮಗುವಿನ ಕಾಲು ತೊಳೆದಂತೆ ತೊಳೆದ. ಕೆಂಪು ನೀರು ಸಿಂಕಿನಲ್ಲಿ ಸುತ್ತಿ ಸುತ್ತಿ ಇಳಿಯಿತು. ಆ ಊರೇ ಮೆಲ್ಲಗೆ ಇಳಿದುಹೋಗುತ್ತಿದೆ ಅನ್ನಿಸಿತು.

ಆಮೇಲೆ ಬ್ಯಾಗ್ ತೆಗೆಸಿ, ಮಣ್ಣು ತುಂಬಲು ಒಯ್ದಿದ್ದ ಖಾಲಿ ಬಾಟಲಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದ.

"ಇವೆಲ್ಲ ಕ್ಲೀನಾಗಿವೆ," ಎಂದು ಮೆಚ್ಚಿ ಕಳಿಸಿದ.