ದುರಗವ್ವನ ಅಂಗೈ ಹುಡುಕಿದ ಡಾಕ್ಟರಬಾಯಿ

ಹುಬ್ಬಳ್ಳಿ-ಧಾರವಾಡದ ಚರ್ಮರೋಗ ತಜ್ಞರ ಬಳಗದಲ್ಲಿ ಡಾ. ರಜನಿ ಪಂಢರಿನಾಥ ಅವರ ಹೆಸರು ಬಂದಾಗ ಹಿರಿಯರು ಅವರ ವಿದ್ವತ್ತನ್ನು ನೆನೆಯುತ್ತಾರೆ, ಕಿರಿಯರು ಅವರಿಂದ ತಿಂದ ಬೈಗುಳವನ್ನು ನೆನೆಯುತ್ತಾರೆ. ಕೀವು ತುಂಬಿದ ಗುಳ್ಳೆ ಕಂಡೊಡನೆ ಚೀಟಿ ಬರೆಯಲು ಹೊರಟವರನ್ನು ಅವರು ಸುಮ್ಮನೆ ಬಿಟ್ಟದ್ದೇ ಇಲ್ಲ. "ಕೀವು ಕಂಡಕೂಡ್ಲೆ ಸೋಂಕು ಅಂತ ಬರೀತೀಯಲ್ಲ, ಕೈ ಮುಟ್ಟಿ ನೋಡಿದೇನು?" ಎಂದು ಎಲ್ಲರೆದುರೇ ಕೇಳಿಬಿಡುತ್ತಿದ್ದರು. ಆ ಸಿಟ್ಟಿನ ಬಹುಪಾಲು ಅವರಿಗೆ ತಮ್ಮ ಮೇಲೆಯೇ ಇತ್ತೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಿಲ್ಲ.

ಇಪ್ಪತ್ತೆಂಟು ವರ್ಷಗಳ ಹಿಂದೆ ಅವರು ರಾಯಾಪುರದ ಹತ್ತಿರದ ಆಸ್ಪತ್ರೆಯೊಂದಕ್ಕೆ ಹೊಸದಾಗಿ ಸೇರಿದ್ದರು. ದುರ್ಗದಬೈಲಿನಲ್ಲಿ ಕಾಯಿಪಲ್ಲೆ ಮಾರುವ ದುರಗವ್ವ ಒಂದು ದಿನ ಬಂದಳು. ಎರಡೂ ಅಂಗೈಗಳ ತುಂಬ ಹಳದಿ ಗುಳ್ಳೆ, ಸುತ್ತ ಕೆಂಪಾಗಿ ಸಿಪ್ಪೆ ಏಳುತ್ತಿದ್ದ ಚರ್ಮ. ಮನೆಯಲ್ಲಿ ಮೂರು ತಿಂಗಳ ಮೊಮ್ಮಗಳು. ರಜನಿಯವರು ಕೀವನ್ನು ಪರೀಕ್ಷೆಗೆ ಕಳಿಸಿದ್ದೇನೋ ನಿಜ, ಆದರೆ ವರದಿಗೆ ಕಾಯದೆ, "ಇದು ಅಂಟತದ, ಕೂಸಿನ್ನ ಮುಟ್ಟಬ್ಯಾಡ್ರಿ" ಎಂದುಬಿಟ್ಟರು.

"ಎಲ್ಲೀತನಕ ರೀ?"

"ನಾ ಹೇಳೂತನಕ."

ನಾಲ್ಕನೆಯ ದಿನ ವರದಿ ಬಂತು: ಕೀವಿನಲ್ಲಿ ರೋಗಾಣು ಒಂದೂ ಇಲ್ಲ. ದೇಹ ತನ್ನ ಮೇಲೆ ತಾನೇ ಕೆರಳಿದಾಗಲೂ ಅಂಗೈಯಲ್ಲಿ ಹೀಗೆ ಕೀವು ತುಂಬುತ್ತದೆ, ಅದು ಯಾರಿಗೂ ಅಂಟುವುದಿಲ್ಲ ಎಂದು ಓದಿದ್ದು ಅವರಿಗೆ ಆಗ ನೆನಪಾಯಿತು. ಅಯ್ಯೋ, ಆಗ ನೆನಪಾಗಿ ಏನು ಬಂತು! ಚೀಟಿಯಲ್ಲಿ ವಿಳಾಸವೆಂದು ಬರೆದದ್ದು 'ದುರ್ಗದಬೈಲ್' ಎಂದಷ್ಟೇ. ಹೋಗಿ ವಿಚಾರಿಸಿದರೆ ಪಕ್ಕದ ಬಳೆ ಅಂಗಡಿಯ ಗೌಸಮೊದ್ದೀನ, "ಅಕಿ ಮುಟ್ಟಿದ ಪಲ್ಲೆ ಯಾರೂ ಒಯ್ಯಲಿಲ್ಲರಿ ಬಾಯಾರ. ಮನಿಮಂದಿನೆಲ್ಲಾ ಕಟಗೊಂಡು ಹಳ್ಳಿಗಿ ಹೋದ್ಲು. ಯಾವ ಹಳ್ಳಿ ಅಂತ ಗೊತ್ತಿಲ್ರಿ" ಎಂದ.

ಅಂದಿನಿಂದ ಅವರ ಚೀಟಿಗಳಲ್ಲಿ ರೋಗಕ್ಕಿಂತ ಮೊದಲು ಪೂರ್ತಿ ವಿಳಾಸ ಬರತೊಡಗಿತು. ಕಜ್ಜಿಯಂತೆ ಅಂಟುವಂಥದ್ದನ್ನು ಅಂಟುತ್ತದೆಂದೇ ಹೇಳುತ್ತಿದ್ದರು. ಅಂಟದ್ದಾದರೆ ಮನೆಯವರನ್ನು ಒಳಗೆ ಕರೆದು, ಅವರೆದುರೇ ರೋಗಿಯ ಕೈ ಹಿಡಿದು ಮಾತಾಡುತ್ತಿದ್ದರು. ಮುಖದ ತುಂಬ ಕೀವಿನ ಮೊಡವೆಯೆದ್ದು ರೋಗಿಗಳೆದುರು ಕೂರಲು ನಾಚುತ್ತಿದ್ದ ಶಿಷ್ಯೆ ಧನಶ್ರೀಯನ್ನು ವರ್ಷವಿಡೀ ತಮ್ಮ ಪಕ್ಕದ ಕುರ್ಚಿಯಲ್ಲೇ ಕೂರಿಸಿಕೊಂಡರು. ಆದರೂ ಪ್ರತಿ ಬೆಳಿಗ್ಗೆ ಸರದಿಯ ಸಾಲಿನಲ್ಲಿ ಅವರ ಕಣ್ಣು ದುರಗವ್ವನನ್ನು ಹುಡುಕುತ್ತಿತ್ತು. ಆ ಹಂಬಲ ಒಂದು ದಿನವೂ ಅವರನ್ನು ಬಿಡಲಿಲ್ಲ.

ನಿವೃತ್ತಿಗೆ ಎರಡು ವಾರವಿದ್ದಾಗ ಸೃಷ್ಟಿ ಎಂಬ ಯುವತಿ ಬಂದು ಅಂಗೈ ಚಾಚಿದಳು. ಅವೇ ಹಳದಿ ಗುಳ್ಳೆಗಳು.

"ನಾಕ ತಿಂಗಳ ಮಗಳದಾಳ್ರಿ. ನಾನೂ ಮುಟ್ಟಬಾರದೇನ್ರಿ? ನಮ್ಮಜ್ಜಿಗೂ ಹಿಂಗ ಐತ್ರಿ, ಹೋಗತೈತಿ, ಮತ್ತ ಬರತೈತಿ. ಅಕಿ ನನ್ನ ಒಮ್ಮಿನೂ ಎತ್ಕೊಂಡಿಲ್ಲ. ಡಾಕ್ಟರಬಾಯಿ ಹೇಳೂತನಕ ಮುಟ್ಟಂಗಿಲ್ಲ ಅಂತಾಳ."

"ಅಜ್ಜಿ ಹೆಸರೇನವಾ?"

"ದುರಗವ್ವ ರೀ."

ರಜನಿಯವರು ಅವಳ ಕೈ ಹಿಡಿದವರು ಬಹಳ ಹೊತ್ತು ಬಿಡಲಿಲ್ಲ. ಈ ಸಲ ವರದಿಗೆ ಕಾದರು. ಅದು ಕೈಸೇರಿದ ದಿನ ಸೃಷ್ಟಿಗೆ "ಮಗಳನ್ನ ಎತ್ಕೋ" ಎಂದು ಹೇಳಿ, ಅವಳೊಂದಿಗೇ ಹಳ್ಳಿಗೆ ಹೊರಟರು.

ಕಟ್ಟೆಯ ಮೇಲೆ ಕೂತಿದ್ದ ಮುದುಕಿಯ ಎರಡೂ ಅಂಗೈ ಹಿಡಿದು, "ಇದು ಅಂಟೂದಲ್ಲ, ದುರಗವ್ವ. ತಪ್ಪು ನಂದು. ಮುಟ್ಟಬಹುದು" ಎಂದವರೇ ಅತ್ತುಬಿಟ್ಟರು.

ದುರಗವ್ವ ಅವರ ಮುಖ ನೋಡಿದಳು. "ಭಾಳ ತಡಾ ಮಾಡಿದ್ರಲ್ಲ ಬಾಯಾರ."

ಸೃಷ್ಟಿ ತನ್ನ ಕೂಸನ್ನು ಅಜ್ಜಿಯ ತೊಡೆಯ ಮೇಲೆ ಮಲಗಿಸಲು ಬಾಗಿದಳು. ದುರಗವ್ವ ತಡೆದಳು.

"ಕೂಸು ಆಮ್ಯಾಲೆ. ಮೊದಲ ನೀ ಬಾ."

ನಿವೃತ್ತಿಯ ನಂತರ ರಜನಿಯವರು ಪ್ರತಿ ಮಂಗಳವಾರ ದುರ್ಗದಬೈಲಿನಲ್ಲಿ ಕೂತು ರೋಗಿಗಳನ್ನು ನೋಡಲಿದ್ದಾರೆ. ಅವರಿಗೆ ದೀರ್ಘ ಆಯುಷ್ಯವಿರಲಿ, ಆ ಕೈಗಳಿಗೆ ಬಲವಿರಲಿ. ಇನ್ನೂ ಯಾವ ಮನೆಯಲ್ಲಿ ಯಾವ ಅಜ್ಜಿ ಕೈ ಮಡಚಿಕೊಂಡು ದೂರ ಕೂತಿದ್ದಾಳೋ, ಅವಳು ಅವರಿಗೆ ಬೇಗ ಸಿಗಲಿ.